ಗರ್ಭಿಣಿ, ಬಾಣಂತಿಯರ ಮಸಾಜ್: ತರಬೇತಿ ಅಗತ್ಯ

ಮಾನ್ಯರೇ,

ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ಬೆಂಗಳೂರಿನಂತಹ ನಗರಗಳಲ್ಲಿ ಈಗ ಮೊಬೈಲ್‌ನಲ್ಲಿ ಕಾಯ್ದಿರಿಸುವ ಸೇವೆಯಾಗಿದೆ. ಗರ್ಭಿಣಿಯರಿಗೆ ಮಸಾಜ್ ಮಾಡುವ ಸ್ಪಾಗಳೂ ಇವೆ. ಇದು ತಪ್ಪೇನಲ್ಲ. ಆದರೆ ದರ ವಿಚಾರಿಸುವಷ್ಟು ಆಸ್ಥೆಯಿಂದ ತರಬೇತಿಯನ್ನು ವಿಚಾರಿಸುವವರು ಕಡಿಮೆ.

ಗರ್ಭಾವಸ್ಥೆಯಲ್ಲಿಯೂ ಹೆರಿಗೆಯ ನಂತರದ ಸುಮಾರು 6 ವಾರಗಳಲ್ಲಿಯೂ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚಿರುತ್ತದೆ. ಕಾಲಿನ ಆಳದ ರಕ್ತನಾಳದಲ್ಲಿ ಅಂತಹ ಹೆಪ್ಪು ಇದ್ದಾಗ ಮೀನಖಂಡವನ್ನು ಬಲವಾಗಿ ಒತ್ತಿದರೆ, ಅದು ಕಳಚಿಕೊಂಡು ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೆ ಸಂಚಕಾರ ತರಬಹುದು. ಒಂದೇ ಕಾಲು ಊದಿ ನೋಯುತ್ತಿದ್ದರೆ ಎಣ್ಣೆ ತಿಕ್ಕದೆ ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕು. ತೀವ್ರ ತಲೆನೋವು, ಮುಖದ ಊತ, ಮಂಜಾದ ದೃಷ್ಟಿ ಇವು ಏರಿದ ರಕ್ತದೊತ್ತಡದ ಸೂಚನೆಯಾಗಿರಬಹುದು. ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗಿಸದೆ ಎಡ ಮಗ್ಗುಲಿಗೆ ಮಲಗಿಸಬೇಕೆಂಬುದೂ, ಸಿಸೇರಿಯನ್ ಗಾಯ ಮಾಯುವ ಮುನ್ನ ಹೊಟ್ಟೆಯನ್ನು ತಿಕ್ಕಬಾರದೆಂಬುದೂ ಈ ವೃತ್ತಿಯ ಮೊದಲ ಪಾಠಗಳಾಗಬೇಕು.

ಆರೋಗ್ಯ ಮತ್ತು ಕೌಶಲಾಭಿವೃದ್ಧಿ ಇಲಾಖೆಗಳು ಪ್ರಸೂತಿ ತಜ್ಞರು ಹಾಗೂ ಫಿಸಿಯೋಥೆರಪಿಸ್ಟ್‌ಗಳ ನೆರವಿನಿಂದ ಕಿರು ತರಬೇತಿಯನ್ನು ರೂಪಿಸಿ, ತಲೆಮಾರುಗಳಿಂದ ಈ ಕೆಲಸ ಮಾಡುತ್ತಿರುವ ಮಹಿಳೆಯರನ್ನೂ (ಅವರ ಕೈಯ ಹದವನ್ನು ಯಾವ ಪ್ರಮಾಣಪತ್ರವೂ ಕಲಿಸದು) ಅದರೊಳಗೆ ಸೇರಿಸಿಕೊಳ್ಳಬೇಕು. ತಾಯಿ ಕಾರ್ಡ್ ನೋಡಿ, ವೈದ್ಯರ ಸಲಹೆಯನ್ನು ಕೇಳಿಯೇ ಕೆಲಸ ಆರಂಭಿಸುವುದನ್ನು ಕಡ್ಡಾಯಗೊಳಿಸಬೇಕು.

– ಓದುಗರೊಬ್ಬರು, ಮೈಸೂರು