ನನ್ನ ರೊಟ್ಟಿ ಯಾವುದು: ಮಗಳಿಗೊಂದು ಪತ್ರ

ಕೊಪ್ಪಳ
ಎಳ್ಳಮವಾಸ್ಯೆಯ ಮರುದಿನ

ಪ್ರೀತಿಯ ಮಗಳೇ,

ನಿನ್ನ ಪತ್ರ ಮೂರು ಸಲ ಓದಿದೆ. ಫೋನಿನಲ್ಲಿ ಹೇಳೋಕೆ ಆಗದ್ದನ್ನು ಕಾಗದದಲ್ಲಿ ಬರೆದಿದ್ದೀಯ. ನಾನೂ ಕಾಗದದಲ್ಲೇ ಉತ್ತರ ಕೊಡುತ್ತೇನೆ. ನಿಧಾನವಾಗಿ ಓದು.

ನೀನು ಹತ್ತು ದಿನ ಬಾಯಿಬಿಡದೆ ವಿಪಶ್ಯನ ಧ್ಯಾನ ಶಿಬಿರದಲ್ಲಿ ಕೂತು ಬಂದೆ. ಮೊದಲ ಮೂರು ದಿನ ಬರೀ ಉಸಿರು ನೋಡಿದೆ, ಆಮೇಲೆ ಮೈಯಲ್ಲಿ ಏಳುವ ನೋವು, ತುರಿಕೆ, ಬಿಸಿ ಎಲ್ಲ ಹೇಗೆ ಬಂದು ಹೇಗೆ ಹೋಗುತ್ತವೆ ಅಂತ ನೋಡಿದೆ. ಅಷ್ಟನ್ನು ಖುಷಿಯಾಗಿಯೇ ಬರೆದಿದ್ದೀಯ. ಆಮೇಲೆ ಈ ಸಾಲು ಬಂತು: "ಒಂದು ತಾಸು ಅಲುಗಾಡದೆ ಕೂತೆ ಅವ್ವಾ. ಎದ್ದಾಗ ಪಕ್ಕದವಳು ನಡುವೆ ಎರಡು ಸಲ ಕಾಲು ಬದಲಿಸಿದ್ದು ನೆನಪಾಗಿ ಒಳಗೊಳಗೇ ಸಂತೋಷವಾಯಿತು. ಅಹಂಕಾರ ಕಳೆಯೋಕೆ ಅಂತ ಹೋದವಳು ನಾನು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಈ ದಾರಿ ನನ್ನಂಥವಳಿಗಲ್ಲ ಅನ್ನಿಸುತ್ತಿದೆ."

ಈ ಕೊನೆಯ ಮಾತಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಉಳಿದದ್ದಕ್ಕೆ ಉತ್ತರ ಬೇಕಿಲ್ಲ.

ಇಲ್ಲಿ ಓಣಿಯಲ್ಲಿ ಜಾತ್ರೆಯ ರೊಟ್ಟಿ ಶುರುವಾಗಿದೆ. ಬನದ ಹುಣ್ಣಿಮೆ ಕಳೆದು ಎರಡು ದಿನಕ್ಕೆ ಗವಿಸಿದ್ಧೇಶ್ವರನ ತೇರು. ಮಧ್ಯಾಹ್ನ ಹೊತ್ತಿಗೆ ಯಾವ ಮನೆ ಮುಂದೆ ಹಾದರೂ ರೊಟ್ಟಿ ತಟ್ಟುವ ಸದ್ದು. ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬಿಕೊಂಡು ಬರುತ್ತವೆ, ಲಕ್ಷಗಟ್ಟಲೆ ಖಡಕ್ ರೊಟ್ಟಿ, ಜೊತೆಗೆ ಮಾದಲಿ. ನೀನು ಚಿಕ್ಕವಳಿದ್ದಾಗ ನನ್ನ ಪಕ್ಕ ಕೂತು ಪುಟ್ಟ ಉಂಡೆ ತಟ್ಟುತ್ತಿದ್ದೆ. ಅಂಚು ಒಡೆದರೆ ಅಳುತ್ತಿದ್ದೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ನಿಮ್ಮಪ್ಪ ಹೋದ ಮರುವರ್ಷ ನಾನೊಬ್ಬಳೇ ಕೂತು ಐದು ನೂರು ರೊಟ್ಟಿ ಮಾಡಿದೆ. ಅವರ ಹೆಸರಲ್ಲಿ ಕೊಡಬೇಕು ಅಂತ. ಹಾಲಿನಂಥ ಬಿಳಿ ಜೋಳ ತಂದು, ಎಸರು ಹದವಾಗಿ ಕಾಯಿಸಿ, ಒಂದೊಂದನ್ನೂ ಹಪ್ಪಳದ ಹಾಗೆ ತೆಳ್ಳಗೆ ತಟ್ಟಿದೆ. ಓಣಿಯಲ್ಲಿ ಅಷ್ಟು ತೆಳ್ಳಗೆ ಯಾರೂ ತಟ್ಟುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕಳಿಸಿದೆ.

ತೇರಿನ ಮರುದಿನ ದಾಸೋಹಕ್ಕೆ ಹೋದೆ. ರೊಟ್ಟಿಯ ರಾಶಿ ಗೋಡೆಯೆತ್ತರ ಇತ್ತು. ನಾನು ಅಲ್ಲಿ ನಿಂತು ನನ್ನ ರೊಟ್ಟಿ ಹುಡುಕಿದೆ. ನಿಜವಾಗಿಯೂ ಹುಡುಕಿದೆ ಮಗಳೇ. ಆ ಬಿಳಿ ಗಂಟು ಎಲ್ಲಿ ಬಿಚ್ಚಿದ್ದಾರೆ, ಯಾರು ತಿನ್ನುತ್ತಿದ್ದಾರೆ ಅಂತ. ಬಡಿಸುತ್ತಿದ್ದ ಒಬ್ಬ ಮುದುಕನನ್ನು ಕೇಳಿಯೂ ಕೇಳಿದೆ. ಅವರು ನನ್ನ ಮುಖ ನೋಡಿ, "ಯಾರದು ಅಂತ ಹೆಂಗ ಹೇಳಲಿ ಯವ್ವಾ, ಇಲ್ಲಿ ಬಂದ ಮ್ಯಾಲೆ ಎಲ್ಲಾ ಅಜ್ಜಾರ ರೊಟ್ಟಿನ" ಅಂದರು. ಅಂದು ನನ್ನ ತಾಟಿಗೆ ಒಂದು ದಪ್ಪ ರೊಟ್ಟಿ ಹಾಕಿ ಮುಂದೆ ಹೋದರು.

ಆ ದಪ್ಪ ರೊಟ್ಟಿ ಮುರಿಯುವಾಗ ಗಂಟಲು ಕಟ್ಟಿತು. ಯಾರೋ ಕಣ್ಣು ಕಾಣದ ಮುದುಕಿ ತಟ್ಟಿರಬಹುದು. ಬೆರಳಿನ ಗುರುತು ಹಾಗೇ ಇತ್ತು. ಒಂದು ಕ್ಷಣ ನನ್ನದು, ಅವಳದು ಅನ್ನುವುದು ಪೂರ್ತಿ ಕರಗಿತು. ಅಂಥ ಕ್ಷಣ ನನಗೆ ಜಾಸ್ತಿ ಸಿಕ್ಕಿಲ್ಲ, ಅದಕ್ಕೇ ನೆನಪಿದೆ. ಮನೆಗೆ ಬಂದು ಮಲಗುವ ಹೊತ್ತಿಗೆ ಮತ್ತೆ ಅದೇ ಯೋಚನೆ: ಇಷ್ಟು ಜನರಲ್ಲಿ ಯಾರಾದರೂ ಒಬ್ಬರು "ಯಾರು ಮಾಡಿದ್ದು ಈ ರೊಟ್ಟಿ" ಅಂದಿರಬೇಕು, ಅಲ್ವಾ?

ಹೋಯಿತು ಅಂದುಕೊಂಡಿದ್ದ ಅಹಂಕಾರ ರಾತ್ರಿಯೊಳಗೆ ವಾಪಸ್ ಬಂದಿತ್ತು. ಈ ವರ್ಷವೂ ಬಂದಿದೆ. ನಿನ್ನೆ ಹಿಟ್ಟು ನಾದುವಾಗ ಪಕ್ಕದಲ್ಲೇ ಕೂತಿತ್ತು. ಇರಲಿ ಅಂದೆ. ಅದು ಇದ್ದದ್ದರಿಂದಲೇ ನನ್ನ ರೊಟ್ಟಿ ತೆಳ್ಳಗಾಗಿದೆ ಅನ್ನುವುದೂ ಸುಳ್ಳಲ್ಲ. ಹಸಿದವರು ಒಳ್ಳೆ ರೊಟ್ಟಿ ತಿಂದರು. ಅದನ್ನು ಹೊರಗೆ ಅಟ್ಟಿದ ಮೇಲೆಯೇ ರೊಟ್ಟಿ ಮಾಡುತ್ತೇನೆ ಅಂತ ಕೂತಿದ್ದರೆ ಹಂಚು ತಣ್ಣಗೇ ಇರುತ್ತಿತ್ತು.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕಿದೆ. ನೀನು ಪಿಯುಸಿ ಓದುವಾಗ ನಾನು ನಾಲ್ಕು ತಿಂಗಳು ಗುಡಿಗೆ ಹೋಗಲಿಲ್ಲ, ನೆನಪಿದೆಯಾ? ಮೊಣಕಾಲು ನೋವು ಅಂದಿದ್ದೆ. ಅದು ಸುಳ್ಳು. ಆ ಗುಡಿಗೆ ನಿಮ್ಮಪ್ಪನ ಹೆಸರಲ್ಲಿ ಒಂದು ಫ್ಯಾನ್ ಕೊಟ್ಟಿದ್ದೆ. ರೆಕ್ಕೆ ಮೇಲೆ ಕೆಂಪು ಬಣ್ಣದಲ್ಲಿ "ಸ್ಮರಣಾರ್ಥ" ಅಂತ ಬರೆಸಿದ್ದೆ. ಜೀರ್ಣೋದ್ಧಾರ ಮಾಡುವಾಗ ಹಳೆಯ ಫ್ಯಾನುಗಳನ್ನೆಲ್ಲ ಬಿಚ್ಚಿ ಹೊಸವು ಹಾಕಿದರು. ನನಗೆ ಒಂದು ಮಾತೂ ಹೇಳಲಿಲ್ಲ. ತಲೆಯೆತ್ತಿ ನೋಡಿದರೆ ಬೇರೆ ಯಾರದೋ ಹೆಸರು ತಿರುಗುತ್ತಿತ್ತು. ಅವತ್ತು ನಿಮ್ಮಪ್ಪ ಎರಡನೇ ಸಲ ಸತ್ತ ಹಾಗಾಯಿತು. ದುಃಖ ಎಷ್ಟು, ಅಭಿಮಾನ ಎಷ್ಟು ಅಂತ ಇವತ್ತಿಗೂ ಬಿಡಿಸಿ ಹೇಳಲಾರೆ. ಎರಡೂ ಒಂದೇ ದಾರದಲ್ಲಿ ಹೆಣೆದಿದ್ದವು.

ಆ ದಿನಗಳಲ್ಲೇ ಒಮ್ಮೆ ಶಾಲೆಯ ಮಕ್ಕಳನ್ನು ಪಲ್ಕಿಗುಂಡಿಗೆ ಕರೆದುಕೊಂಡು ಹೋಗಿದ್ದೆ. ಇಪ್ಪತ್ತು ವರ್ಷ ಸಮಾಜ ಪಾಠ ಮಾಡಿದವಳು ನಾನು, ಅಶೋಕನ ಶಾಸನ ಬಾಯಿಪಾಠ. ಆದರೆ ಅವತ್ತು ಅದು ಬೇರೆಯೇ ಕೇಳಿಸಿತು.

ನಮ್ಮೂರಲ್ಲಿ ಅಶೋಕನ ಎರಡು ಶಾಸನ ಇವೆ ಅಂತ ನಿನಗೆ ಗೊತ್ತು. ಒಂದು ಗವಿಮಠದ ಗುಡ್ಡದಲ್ಲಿ, ಇನ್ನೊಂದು ಪಲ್ಕಿಗುಂಡಿನಲ್ಲಿ. ಸಾ.ಶ.ಪೂ. 3ನೇ ಶತಮಾನದವು. ಎರಡರಲ್ಲೂ ಇದ್ದದ್ದು ಅದೇ ಮಾತು. ರಾಜ ತನ್ನನ್ನು ದೇವಾನಂಪಿಯ, ಅಂದರೆ ದೇವರಿಗೆ ಪ್ರಿಯನಾದವನು ಅಂತ ಕರೆದುಕೊಳ್ಳುತ್ತಾನೆ. ಅದರ ಬೆನ್ನಿಗೇ ಹೇಳುತ್ತಾನೆ: ನಾನು ಉಪಾಸಕನಾಗಿ, ಅಂದರೆ ಮನೆಯಲ್ಲಿದ್ದೇ ಬುದ್ಧನ ದಾರಿ ಹಿಡಿದವನಾಗಿ, ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಒಂದು ವರ್ಷ ನಾನು ಅಷ್ಟಾಗಿ ಶ್ರಮ ಪಡಲಿಲ್ಲ. ಭಿಕ್ಷುಗಳ ಸಂಘದ ಹತ್ತಿರ ಹೋದ ಮೇಲೆ ಶ್ರಮಪಟ್ಟೆ. ಮುಂದೆ ಇನ್ನೂ ಒಂದು ಮಾತಿದೆ. ಇದು ದೊಡ್ಡವರಿಗಷ್ಟೇ ದಕ್ಕುವುದಲ್ಲ, ಶ್ರಮಪಟ್ಟರೆ ಸಣ್ಣವರಿಗೂ ದಕ್ಕುತ್ತದೆ ಅನ್ನುತ್ತಾನೆ.

ಯೋಚಿಸು. ಅಷ್ಟು ದೊಡ್ಡ ರಾಜ. ಕಲ್ಲಿನಲ್ಲಿ ಏನು ಬೇಕಾದರೂ ಕೆತ್ತಿಸಬಹುದಿತ್ತು. ಒಂದು ವರ್ಷ ಸುಮ್ನೆ ಕಳೆದೆ ಅಂತ ಕೆತ್ತಿಸಿದ. ಹಾಗಂತ ಬಿರುದು ಬಿಡಲೂ ಇಲ್ಲ. ಬಿರುದು, ತಪ್ಪೊಪ್ಪಿಗೆ ಎರಡೂ ಒಂದೇ ಬಂಡೆಯ ಮೇಲೆ ಅಕ್ಕಪಕ್ಕ ಕೂತಿವೆ. ಮೊದಲು ಬಿರುದು ಕೆರೆದು ತೆಗೆಯುತ್ತೇನೆ, ಆಮೇಲೆ ಧರ್ಮ ಮಾಡುತ್ತೇನೆ ಅಂತ ಅವನು ಕಾಯಲಿಲ್ಲ. ನನಗೆ ಇದು ದೊಡ್ಡ ಧೈರ್ಯ ಕೊಟ್ಟಿತು. ನಿನಗೂ ಕೊಡಬೇಕು.

ಈ ಪ್ರಯತ್ನ ಬಹುಕಾಲ ನಿಲ್ಲಲಿ ಅನ್ನುವುದೂ ಆ ಶಾಸನದ ಆಸೆ. ಗವಿಮಠದ ಬಂಡೆಯಲ್ಲಿ ಅಕ್ಷರ ಇನ್ನೂ ಚೆನ್ನಾಗಿವೆ. ಪಲ್ಕಿಗುಂಡಿನಲ್ಲಿ ಬಹುಪಾಲು ಸವೆದು ಹೋಗಿವೆ. ಅದೇ ಮಾತು, ಅದೇ ಊರು. ಆ ಲಿಪಿಯನ್ನು ಓದುವವರೇ ನೂರಾರು ವರ್ಷ ಇರಲಿಲ್ಲ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅನ್ನುವ ಇಂಗ್ಲಿಷ್ ವಿದ್ವಾಂಸ ಓದುವವರೆಗೆ. ನಮ್ಮ ಬಂಡೆಗಳಲ್ಲಿ ಅಶೋಕನ ಹೆಸರೂ ಇಲ್ಲ, ಬಿರುದು ಮಾತ್ರ. ಈ ದೇವಾನಂಪಿಯ ಅಂದರೆ ಅಶೋಕನೇ ಅಂತ ಗಟ್ಟಿಯಾದದ್ದು 1915ರಲ್ಲಿ, ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಹೆಸರಿರುವ ಶಾಸನ ಸಿಕ್ಕ ಮೇಲೆ.

ಪಲ್ಕಿಗುಂಡಿನಲ್ಲೇ ಇನ್ನೊಂದಿದೆ. ಬಂಡೆಯಲ್ಲಿ ಕೊರೆದ ಎರಡು ಪಾದ. ಜಟಾಸಿಂಗನಂದಿ ಅನ್ನುವ ಜೈನ ಆಚಾರ್ಯರ ಪಾದ. ಕೊಪಣ, ಅಂದರೆ ಆಗಿನ ನಮ್ಮ ಕೊಪ್ಪಳ, ಜೈನರಿಗೆ ದೊಡ್ಡ ತೀರ್ಥವಾಗಿತ್ತಲ್ಲ, ಅನ್ನ ನೀರು ಬಿಟ್ಟು ಶಾಂತವಾಗಿ ದೇಹ ಬಿಡಲು ಇಲ್ಲಿಗೆ ಬರುತ್ತಿದ್ದರು. ಎಲ್ಲವನ್ನೂ ಬಿಟ್ಟವರ ಪಾದ ಅದು. ಕೆಳಗೆ ಹಳಗನ್ನಡದಲ್ಲಿ ಬರೆದಿದೆ, ಇದನ್ನು ಚಾವಯ್ಯ ಮಾಡಿಸಿದ ಅಂತ. ಮಕ್ಕಳಿಗೆ ಆ ಸಾಲು ಓದಿ ಹೇಳುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ಚಾವಯ್ಯನದೂ ನನ್ನ ಫ್ಯಾನಿನ ಹಾಗೇ. ಅವನಿಗೂ ತನ್ನ ಹೆಸರು ಬೇಕಿತ್ತು. ಯಾರಿವನು, ಯಾವ ಊರವನು, ಹೆಂಡತಿ ಮಕ್ಕಳು ಯಾರು, ಏನೂ ತಿಳಿಯದು. ಆ ಹೆಸರಿನ ಮೇಲೆ ನನಗೆ ಎಷ್ಟು ಅಕ್ಕರೆ ಉಕ್ಕಿತು ಅಂದರೆ, ಕೈಯಿಂದ ಮುಟ್ಟಿ ಬಂದೆ. ಮರುದಿನ ಗುಡಿಗೆ ಹೋದೆ. ಹೊಸ ಫ್ಯಾನಿನ ಕೆಳಗೇ ಕೂತೆ. ಗಾಳಿ ಚೆನ್ನಾಗಿತ್ತು.

ಎಲ್ಲ ಅನಿತ್ಯ ಅಂತ ಬುದ್ಧಿಗೆ ಗೊತ್ತು, ಮನಸ್ಸಿಗೆ ಇಳಿಯುತ್ತಿಲ್ಲ ಅಂತಲೂ ಬರೆದಿದ್ದೀಯ. ಒಂದೇ ಸಲಕ್ಕೆ ಇಳಿಯುವುದಿಲ್ಲ ಪುಟ್ಟಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋದಾಗ ನಿನ್ನ ಮಾವ ಗಂಗಾವತಿಯಿಂದ ಫೋನ್ ಮಾಡಿದ್ದ. ಭತ್ತದ ಸಸಿ ಇನ್ನೂ ಎಳೆಯದು. ಧ್ವನಿ ನಡುಗುತ್ತಿತ್ತು. ನಾವು ಹುಟ್ಟಿದಾಗಿನಿಂದ ಇರುವ ಡ್ಯಾಮು, ಅದೂ ಹೋಗಬಹುದು ಅನ್ನುವುದು ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಅವತ್ತು ರಾತ್ರಿ ಅನಿತ್ಯ ಅನ್ನುವ ಮಾತು ನನ್ನ ಹೊಟ್ಟೆಗೆ ಇಳಿಯಿತು. ಆದರೆ ಅದಕ್ಕಿಂತ ಜಾಸ್ತಿ ನೆನಪಿರುವುದು ಆಮೇಲಿನ ಒಂದು ವಾರ. ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಕಬ್ಬಿಣದ ಹಲಗೆ ಇಳಿಸಿ ತಾತ್ಕಾಲಿಕ ಗೇಟು ಕೂರಿಸಿದರು. ಇದೂ ತಾತ್ಕಾಲಿಕ ಅಂತ ಅವರಿಗೆ ಗೊತ್ತಿತ್ತು. ಹಾಗಂತ ಕೈ ಸಡಿಲ ಬಿಡಲಿಲ್ಲ. ಆಮೇಲೆ ಮಳೆಯೂ ಬಂತು, ಡ್ಯಾಮು ಮತ್ತೆ ತುಂಬಿತು. ಮಾವನ ಮನೆಗೆ ಭತ್ತ ಬಂತು. ಎಲ್ಲ ಹೋಗುವುದೇ ಅಂದ ಮೇಲೆ ಯಾವುದಕ್ಕೂ ಮನಸ್ಸು ಕೊಡಬಾರದು ಅಂತ ನೀನು ಅಂದುಕೊಂಡಿದ್ದರೆ ಅದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ನೀನು ಬುದ್ಧನ ದಾರಿ ಹಿಡಿದಿದ್ದೀಯ, ಆ ದಾರಿಯಲ್ಲೇ ಬರುವ ಖೇಮಕನ ಕಥೆ ಹೇಳುತ್ತೇನೆ. ಖೇಮಕ ಅನ್ನುವ ಭಿಕ್ಷು ಕಾಯಿಲೆ ಬಿದ್ದಿದ್ದ. ಹಿರಿಯ ಭಿಕ್ಷುಗಳು ಒಬ್ಬನ ಕೈಲಿ ಮತ್ತೆ ಮತ್ತೆ ಪ್ರಶ್ನೆ ಹೇಳಿ ಕಳಿಸಿದರು. ಈ ದೇಹ, ಈ ಸಂವೇದನೆ, ಈ ಯೋಚನೆ, ಇವುಗಳಲ್ಲಿ ಯಾವುದನ್ನಾದರೂ ನೀನು "ನಾನು" ಅಂತ ತಿಳಿದಿದ್ದೀಯಾ ಅಂತ. ಖೇಮಕ ಇಲ್ಲ ಅಂದ. ಹಾಗಾದರೆ ನೀನು ಪೂರ್ತಿ ಬಿಡುಗಡೆಯಾದವನೇ ಅಂತ ಕೇಳಿದರು. ಅದೂ ಇಲ್ಲ ಅಂದ. ಇವು ಯಾವುವೂ ನಾನಲ್ಲ ಅಂತ ಕಂಡಿದ್ದೇನೆ, ಆದರೂ "ನಾನಿದ್ದೇನೆ" ಅನ್ನುವುದು ಇನ್ನೂ ಉಳಿದಿದೆ ಅಂದ. ಕೊನೆಗೆ ಕೋಲೂರಿಕೊಂಡು ತಾನೇ ಅವರ ಹತ್ತಿರ ನಡೆದು ಬಂದು ಬಿಡಿಸಿ ಹೇಳಿದ. ಅಗಸ ಕೊಳೆ ಬಟ್ಟೆಯನ್ನು ಸವಳು, ಸಗಣಿ ಹಾಕಿ ತಿಕ್ಕಿ, ಶುದ್ಧ ನೀರಲ್ಲಿ ಜಾಲಿಸುತ್ತಾನೆ. ಬಟ್ಟೆ ಶುಭ್ರವಾದರೂ ಸವಳಿನ ವಾಸನೆ ಉಳಿಯುತ್ತದೆ. ಬಟ್ಟೆಯ ಒಡೆಯ ಅದನ್ನು ಸುಗಂಧದ ಪೆಟ್ಟಿಗೆಯಲ್ಲಿ ಮಡಿಸಿಡುತ್ತಾನೆ. ನಿಧಾನವಾಗಿ ಆ ವಾಸನೆಯೂ ಹೋಗುತ್ತದೆ.

ಸವಳು ಮಣ್ಣಿನ ವಾಸನೆ ನನಗೆ ಗೊತ್ತು. ನಮ್ಮವ್ವ ಹಳ್ಳದಲ್ಲಿ ಬಟ್ಟೆ ಒಗೆಯುವಾಗ ಅದನ್ನೇ ತರುತ್ತಿದ್ದಳು. ಒಣಗಿದ ಸೀರೆಯನ್ನು ಮೂಗಿಗೆ ಹಿಡಿದರೆ ಆ ವಾಸನೆ ಇದ್ದೇ ಇರುತ್ತಿತ್ತು. ಅವ್ವ ಅದಕ್ಕಾಗಿ ಸೀರೆ ಮತ್ತೆ ಬಡಿಯಲಿಲ್ಲ. ಬಡಿದರೆ ಸೀರೆ ಹರಿಯುತ್ತದೆ. ಮಡಿಸಿ ಟ್ರಂಕಿನಲ್ಲಿ ಇಡುತ್ತಿದ್ದಳು.

ಬೌದ್ಧರ ಲೆಕ್ಕದಲ್ಲಿ ಮನುಷ್ಯನನ್ನು ಕಟ್ಟಿಹಾಕುವ ಬಂಧನಗಳು ಹತ್ತು. "ಮಾನ", ಅಂದರೆ ನಾನು ಹೆಚ್ಚು, ನಾನು ಕಡಿಮೆ, ನಾನು ಸಮ ಅನ್ನುವ ತೂಕ, ಕಟ್ಟಕಡೆಗೆ ಬಿಡುವ ಐದರಲ್ಲಿ ಒಂದು. ನಾನು ಹೆಚ್ಚು ಅನ್ನುವುದಷ್ಟೇ ಅಲ್ಲ, ನಾನು ಕಡಿಮೆ ಅನ್ನುವುದೂ ಅದೇ ತಕ್ಕಡಿ. ಪಕ್ಕದವಳಿಗಿಂತ ಚೆನ್ನಾಗಿ ಕೂತೆ ಅಂದದ್ದು ಒಂದು ತಟ್ಟೆ, ಈ ದಾರಿ ನನ್ನಂಥವಳಿಗಲ್ಲ ಅಂದದ್ದು ಇನ್ನೊಂದು ತಟ್ಟೆ. ನೀನು ಮೊದಲನೆಯದಕ್ಕೆ ಹೆದರಿದೆ. ನನಗೆ ಭಯವಾದದ್ದು ಎರಡನೆಯದಕ್ಕೆ. ಸಾಧಕರೇ ಕಡೆಗೆ ಬಿಡುವುದನ್ನು ಹತ್ತು ದಿನದಲ್ಲಿ ಬಿಡಲಿಲ್ಲ ಅಂತ ನೀನು ನಿನಗೆ ಶಿಕ್ಷೆ ಕೊಟ್ಟುಕೊಳ್ಳಬೇಡ.

ನಾಳೆ ಬೆಳಿಗ್ಗೆ ಮತ್ತೆ ಕೂತುಕೋ. ಮೊಣಕಾಲಿನ ನೋವು ನೋಡಿದ ಹಾಗೆ ಆ ಒಳಗಿನ ಖುಷಿಯನ್ನೂ ನೋಡು. ಎದೆಯಲ್ಲಿ ಎಲ್ಲಿ ಉಬ್ಬುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವಾಗ ಇಳಿಯುತ್ತದೆ. ನೋವು ಬಂದು ಹೋಗುತ್ತದೆ ಅಂತ ಕಂಡವಳಿಗೆ "ನಾನು" ಅನ್ನುವುದೂ ಬಂದು ಹೋಗುವುದು ಕಾಣದೆ ಇರುತ್ತದಾ? ನನಗೆ ಕೆಲವು ಸಲ ಕಂಡಿದೆ. ರೊಟ್ಟಿ ತಟ್ಟುವಾಗಲೇ ಕಂಡಿದೆ. ಮೂವತ್ತನೇ ರೊಟ್ಟಿಗೆ ಇರುವುದಿಲ್ಲ, ಮೂವತ್ತೊಂದಕ್ಕೆ ಇರುತ್ತದೆ.

ರಜೆ ಸಿಕ್ಕರೆ ಜಾತ್ರೆಗೆ ಬಾ. ತೇರಿಗೆ ಎರಡು ದಿನ ಮೊದಲೇ ಬಂದರೆ ಒಳ್ಳೆಯದು, ನನ್ನ ಭುಜ ಈಗ ಮೊದಲಿನ ಹಾಗಿಲ್ಲ, ಇನ್ನೂರು ರೊಟ್ಟಿ ಬಾಕಿ ಉಳಿಯುತ್ತವೆ. ಹೊಸ ಜೋಳ ಬೀಸಿಸಿ ಇಟ್ಟಿರುತ್ತೇನೆ. ನಿನ್ನ ಅಂಚು ಈಗಲೂ ಒಡೆಯುತ್ತದಾ ನೋಡೋಣ. ಒಡೆದರೂ ಅದೇ ಗಂಟಿನಲ್ಲಿ ಕಟ್ಟುತ್ತೇನೆ.

ನಿನ್ನ
ಅವ್ವ