ಚಂದ್ರನ ಮೇಲೆ ಇಳಿದಿದ್ದಾಯ್ತು, ಇನ್ನು ಉಳಿಯೋ ಮಾತಾಡೋಣ

ಮಾನ್ಯ ಸಂಪಾದಕರೇ,

ಚಂದ್ರನ ಮೇಲೆ ಜನ ಹೋಗಿ ನೆಲೆಸೋ ವಿಷ್ಯ ಬಂದಾಗೆಲ್ಲ "ಮೊದ್ಲು ರೋಡಿನ ಗುಂಡಿ ಮುಚ್ಚಿ" ಅನ್ನೋ ಮಾತು ಬಂದೇ ಬರತ್ತೆ. ಗುಂಡಿ ಮುಚ್ಚಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಚಂದ್ರಯಾನ-3ಕ್ಕೆ ಖರ್ಚಾಗಿದ್ದು ಸುಮಾರು 615 ಕೋಟಿ ರೂಪಾಯಿ, ಗುಂಡಿಗಳು ಹಾಗೇ ಉಳಿದಿರೋದು ಆ ದುಡ್ಡು ಮೇಲಕ್ಕೆ ಹೋಯ್ತು ಅಂತಲ್ಲ.

ಭೂಮಿ ಹಾಳಾಯ್ತು, ಬಿಟ್ಟು ಓಡೋಣ ಅಂತ ನಾನು ಹೇಳ್ತಿಲ್ಲ. ಚಂದ್ರನ ದಕ್ಷಿಣ ಧ್ರುವದ ಹತ್ರ ಸೂರ್ಯ ಮೇಲಕ್ಕೇ ಏರಲ್ಲ, ದಿಗಂತದ ಅಂಚಲ್ಲೇ ಸುತ್ತುತಾ ಇರ್ತಾನೆ. ಹಾಗಾಗಿ ಕೆಲವು ಆಳವಾದ ಕುಳಿಗಳ ತಳಕ್ಕೆ ಬಿಸಿಲೇ ಬೀಳಲ್ಲ, ಅಲ್ಲಿ ನೀರು ಮಂಜುಗಡ್ಡೆಯಾಗಿ ಉಳ್ಕೊಳ್ಳತ್ತೆ, ಪಕ್ಕದ ಎತ್ತರದ ದಿಣ್ಣೆಗಳ ಮೇಲೆ ಮಾತ್ರ ವರ್ಷದ ಬಹುಪಾಲು ಬಿಸಿಲು. ಬೇರೆ ಕಡೆಯೆಲ್ಲ ಸುಮಾರು 14 ದಿನ ಉದ್ದದ ರಾತ್ರಿ, ಚಂದ್ರಯಾನ-3ರಲ್ಲಿ ಇಳಿದ ನಮ್ಮ ವಿಕ್ರಮ್ ನೌಕೆ, ಪ್ರಜ್ಞಾನ್ ಗಾಡಿ ಎರಡೂ ಆ ಚಳಿ ದಾಟಿ ಮತ್ತೆ ಏಳ್ಲಿಲ್ಲ. ಅಂದ್ರೆ ಕರೆಂಟಿಗೆ ಬಿಸಿಲು, ಪಕ್ಕದಲ್ಲೇ ನೀರು, ಎರಡೂ ಸಿಗೋ ಜಾಗ ಇಡೀ ಚಂದ್ರನಲ್ಲಿ ಬಹಳ ಕಮ್ಮಿ.

ನೀರಿದೆ ಅನ್ನೋದು ಬರೀ ಊಹೆ ಅಲ್ಲ. ಚಂದ್ರನ ಮಣ್ಣಲ್ಲಿ ನೀರಿನ ಸುಳಿವು ಸಿಕ್ಕಿದೆ ಅಂತ 2009ರಲ್ಲಿ ತೋರಿಸಿದ್ದು ನಮ್ಮ ಚಂದ್ರಯಾನ-1ರಲ್ಲಿದ್ದ ನಾಸಾ ಉಪಕರಣ. ಅದೇ ವರ್ಷ ಅಮೆರಿಕದವ್ರು ಕೇಬಿಯಸ್ ಅನ್ನೋ ಕುಳಿಗೆ ರಾಕೆಟ್ ತುಂಡೊಂದನ್ನ ಗುದ್ದಿಸಿ ನೋಡಿದಾಗ ಅಲ್ಲಿನ ಮಣ್ಣಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ 5ಕ್ಕಿಂತ ಜಾಸ್ತಿ ನೀರಿತ್ತು. ಕುಡಿಯೋಕೂ ಆಯ್ತು, ಕರೆಂಟ್ ಹಾಯಿಸಿ ಒಡೆದ್ರೆ ಉಸಿರಾಡೋಕೆ ಆಕ್ಸಿಜನ್, ರಾಕೆಟ್ಟಿಗೆ ಇಂಧನವಾಗೋ ಹೈಡ್ರೋಜನ್. ಭೂಮಿಯ ಹಿಡಿತದಿಂದ ತಪ್ಪಿಸ್ಕೊಳ್ಳೋಕೆ ಸೆಕೆಂಡಿಗೆ 11.2 ಕಿ.ಮೀ. ವೇಗ ಬೇಕು, ಚಂದ್ರನಿಂದ ಬರೀ 2.4, ಹಾಗಿರುವಾಗ ಮುಂದಿನ ಪ್ರಯಾಣದ ಇಂಧನ ಎಲ್ಲಿ ತುಂಬಿಸ್ಕೊಂಡ್ರೆ ಅಗ್ಗ ಅಂತ ನೀವೇ ಯೋಚನೆ ಮಾಡಿ.

ಅಂಟಾರ್ಕ್ಟಿಕಾ ನೆನಪು ಮಾಡ್ಕೊಳ್ಳಿ. ಅಲ್ಲಿಗೆ ನಮ್ಮ ಮೊದಲ ತಂಡ ಹೋಗಿದ್ದು 1981-82ರಲ್ಲಿ, ಆಗ್ಲೂ ಬಡ ದೇಶಕ್ಕೆ ಇದೆಲ್ಲ ಯಾಕೆ ಅಂತ ಕೇಳಬಹುದಿತ್ತು. ಆದ್ರೆ ಹೋಗಿದ್ದಕ್ಕೇ 1983ರಲ್ಲಿ ಅಲ್ಲಿನ ಒಪ್ಪಂದದಲ್ಲಿ ಮತ ಹಾಕೋ ಹಕ್ಕು ಸಿಕ್ತು, ದಕ್ಷಿಣ ಗಂಗೋತ್ರಿ ಅನ್ನೋ ನಮ್ಮ ಸಂಶೋಧನಾ ಕೇಂದ್ರ ಆಯ್ತು, ಆಮೇಲೆ ಮೈತ್ರಿ, ಭಾರತಿ ಕೇಂದ್ರಗಳು. ಚಂದ್ರನ ಮೇಲೆ ಯಾವ ದೇಶವೂ ಒಡೆತನ ಹೇಳೋ ಹಾಗಿಲ್ಲ ಅಂತ 1967ರ ಒಪ್ಪಂದ ಹೇಳತ್ತೆ, ನಿಜ, ಆದ್ರೆ ಆ ನಾಲ್ಕಾರು ಒಳ್ಳೆ ದಿಣ್ಣೆಗಳ ಮೇಲೆ ಯಂತ್ರ ಇಟ್ಕೊಂಡು ಕೂತೋರ ಮಾತೇ ಕೊನೆಗೆ ನಡೆಯೋದು. ಅಮೆರಿಕ ಒಂದು ಕಡೆ, ಚೀನಾ-ರಷ್ಯಾ ಇನ್ನೊಂದು ಕಡೆ ಅಲ್ಲಿಗೇ ಹೊರಟಿವೆ.

ಕಷ್ಟ ಇಲ್ಲ ಅಂತಲ್ಲ. ವಿಕಿರಣ ಇದೆ, ಚೂಪಾದ ಧೂಳಿದೆ. ಮನೆ ಮೇಲೆ ದಪ್ಪಗೆ ಮಣ್ಣು ಹಾಕಿ ಇರ್ಬೇಕಾಗತ್ತೆ. ಆ ಮಣ್ಣು ಎಷ್ಟು ಚೆನ್ನಾಗಿ ಶಾಖ ತಡೆಯತ್ತೆ ಅಂತ ವಿಕ್ರಮ್ ಅಳೆದು ತೋರಿಸಿದೆ, ಮೇಲೆ 50 ಡಿಗ್ರಿ ದಾಟಿದ್ರೆ 8 ಸೆಂ.ಮೀ. ಕೆಳಗೆ ಮೈನಸ್ 10ರ ಹತ್ರ! ಬಾಹ್ಯಾಕಾಶ ನಿಲ್ದಾಣದಲ್ಲಿ ಮೂತ್ರ, ಬೆವರು, ಉಸಿರಿನ ತೇವ ಎಲ್ಲ ಸೇರಿಸಿ ನೂರಕ್ಕೆ 98ರಷ್ಟು ನೀರನ್ನ ಮತ್ತೆ ಬಳಕೆಗೆ ತರೋದನ್ನ 2023ರಲ್ಲಿ ಸಾಧಿಸಿದ್ದಾರೆ. ಕೊಳವೆಬಾವಿ ಬತ್ತಿರೋ ನಮ್ಮ ಊರುಗಳಿಗೂ ಈ ವಿದ್ಯೆ ಬೇಕಲ್ವಾ?

2025ರಲ್ಲಿ ಶುಭಾಂಶು ಶುಕ್ಲಾ ಅವ್ರು ಅದೇ ನಿಲ್ದಾಣದಲ್ಲಿ ಮೊಳಕೆ ಬರಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವ್ರ ಪ್ರಯೋಗದ ಹೆಸರುಕಾಳು, ಮೆಂತ್ಯ. ಈ ಕೆಲಸ ಅಲ್ಲಿಗೇ ನಿಲ್ಲಬಾರ್ದು. 2040ಕ್ಕೆ ಭಾರತೀಯರನ್ನ ಚಂದ್ರನ ಮೇಲೆ ಇಳಿಸ್ತೀವಿ ಅಂತ ಕೇಂದ್ರ ಹೇಳಿದೆ, ಇಳಿದು ಬಾವುಟ ನೆಟ್ಟು ವಾಪಸ್ ಬರೋದಕ್ಕಷ್ಟೇ ಪ್ಲಾನ್ ಮಾಡ್ದೆ, ಅಲ್ಲಿ ತಿಂಗಳುಗಟ್ಟಲೆ ಇರೋಕೆ ಬೇಕಾದ ನೀರು, ಗಾಳಿ, ಬೆಳೆ ಸಂಶೋಧನೆಗೆ ಅಂತ ಬಜೆಟ್ಟಲ್ಲಿ ಈಗಿಂದ್ಲೇ ಬೇರೆ ಹಣ ಇಟ್ಟು, ರಾಯಚೂರು, ಬೆಂಗಳೂರಿನ ಜಿಕೆವಿಕೆ ಥರದ ಕೃಷಿ ವಿವಿಗಳಿಗೂ ಅದ್ರಲ್ಲಿ ಪಾಲು ಕೊಡ್ಬೇಕು ಅಂತ ನಮ್ಮ ಸಂಸದರು ಸಂಸತ್ತಲ್ಲಿ ಕೇಳ್ಲಿ.

– ಒಬ್ಬ ಓದುಗ, ತುಮಕೂರು