ಮೈಲುತುತ್ತಿನ ಗುರುತು

ನೀರ್ಚಾಲು,
ಸೋಮವಾರ ರಾತ್ರಿ

ಪ್ರೀತಿಯ ಮಗಳಿಗೆ,

ಫೋನಿನಲ್ಲಾದರೆ ನನ್ನ ಸ್ವರ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇಂಜಿನಿಯರಿಂಗಿನ ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್ ಪಾಠದಲ್ಲಿ ಫೇಲಾಗಿ ಸಪ್ಲಿ ಬಂತು, ಇನ್ನೊಮ್ಮೆ ಪರೀಕ್ಷೆ ಬರೆಯಬೇಕು ಅಂದದ್ದಕ್ಕೆ ನನಗೆ ಅಷ್ಟೇನೂ ಬೇಜಾರಾಗಲಿಲ್ಲ. "ಹತ್ತನೆಯವರೆಗೆ ಕನ್ನಡದಲ್ಲಿ ಓದಿಸಿದ್ದೇ ತಪ್ಪು. ಇಲ್ಲಿ ಕ್ಲಾಸಿನಲ್ಲಿ ಇಂಗ್ಲಿಷ್, ಹಾಸ್ಟೆಲಿನಲ್ಲಿ ಮಲಯಾಳಂ, ಎರಡರಲ್ಲೂ ನಾನು ಹೊರಗಿನವಳು" ಅಂದೆಯಲ್ಲ, ಅದಕ್ಕೆ ಏನು ಹೇಳಬೇಕೆಂದು ತಿಳಿಯದೆ ಫೋನ್ ಇಟ್ಟುಬಿಟ್ಟೆ.

ನಿನ್ನೆ ಅಟ್ಟದಲ್ಲಿ ನಿನ್ನ ಒಂಬತ್ತನೆಯ ಕ್ಲಾಸಿನ ನೋಟ್ ಪುಸ್ತಕ ಸಿಕ್ಕಿತು. ಒಂದು ಪುಟದಲ್ಲಿ ನನ್ನ ಹೆಬ್ಬೆರಳ ಗುರುತು, ಇನ್ನೂ ನೀಲಿಯಾಗಿಯೇ ಉಂಟು. 2020ರ ಮಳೆಗಾಲ, ಶಾಲೆ ಮುಚ್ಚಿ ಫೋನಿನಲ್ಲೇ ಕ್ಲಾಸು. ಅಡಿಕೆಗೆ ಮದ್ದು ಬಿಡುವ ದಿನ, ನಾನು ತೋಟದಲ್ಲಿ ನೀಲಿ ಮೈಲುತುತ್ತು ಕಲಸುತ್ತಿದ್ದೆ. ನೆಟ್‌ವರ್ಕ್ ಸಿಗುತ್ತಿದ್ದದ್ದು ಪದವಿನ ಮೇಲೆ, ಆ ಗುಡ್ಡದ ಬಯಲಿನಲ್ಲಿ ಮಾತ್ರ. ನೀನು ಮುರಕಲ್ಲಿನ ಮೇಲೆ ಕೊಡೆ ಬಿಡಿಸಿ, ಫೋನನ್ನು ಪ್ಲಾಸ್ಟಿಕ್ ತೊಟ್ಟೆಯೊಳಗಿಟ್ಟು ಕೂತಿದ್ದೆ. ಗುಡುಗು ಶುರುವಾದದ್ದೇ ನಾನು ಓಡಿ ಬಂದೆ. ಎಷ್ಟು ಕರೆದರೂ ನೀನು ಏಳಲಿಲ್ಲ, "ಇನ್ನು ಹತ್ತು ನಿಮಿಷ ಅಪ್ಪ" ಅಂದೆ. ಹೊಡೆದೆ. ಪುಸ್ತಕ ಕಿತ್ತುಕೊಂಡೆ. ನೀನು ಅಳಲೂ ಇಲ್ಲ, ತೊಟ್ಟೆಯ ನೀರು ಒರಸುತ್ತಾ ನನ್ನ ಹಿಂದೆಯೇ ಇಳಿದು ಬಂದೆ.

ಹೆದರಿ ಹೊಡೆದದ್ದು ಅಂತ ಅಮ್ಮನ ಹತ್ತಿರ ಹೇಳಿದೆ, ನಿನ್ನ ಹತ್ತಿರ ಹೇಳಲಿಲ್ಲ. ಬಟ್ಟ ಬಯಲು, ಒಂದು ಮರ ಇಲ್ಲ, ನಿನ್ನ ಕೈಯಲ್ಲಿ ಕಬ್ಬಿಣದ ಕಡ್ಡಿಯ ಕೊಡೆ. ಈಗಲೂ ಗುಡುಗಿದರೆ ನೀನು ಅಲ್ಲೇ ಕೂತ ಹಾಗೆ ಕಾಣುತ್ತದೆ. ಎದ್ದು ನಿನ್ನ ಕೋಣೆಯ ಬಾಗಿಲು ನೋಡಿ ಬರುತ್ತೇನೆ. ಹೊಡೆದದ್ದು ತಪ್ಪು ಮಗಳೇ. ಹೇಳಲು ಐದು ವರ್ಷ ಬೇಕಾಯಿತು.

ಕನ್ನಡ ಶಾಲೆಯ ವಿಷಯ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದ ಮೇಲೂ ನಮ್ಮ ಹಿರಿಯರು ಕನ್ನಡ ಶಾಲೆ ಬಿಡಲಿಲ್ಲ. ನಾನೂ ಬಿಡಲಿಲ್ಲ. ಹಠ ನನ್ನದು, ಭಾರ ಹೊತ್ತವಳು ನೀನು. ಅದನ್ನು ಒಪ್ಪುತ್ತೇನೆ. ಆದರೆ ತಪ್ಪು ಅನ್ನಲು ಬಾಯಿ ಬರುವುದಿಲ್ಲ. ಓಣಂ ರಜೆಯಲ್ಲಿ ತಾಳಮದ್ದಳೆಗೆ ಹೋಗಿದ್ದೆವಲ್ಲ, ಚೆಂಡೆ, ಮದ್ದಳೆ, ಭಾಗವತರ ಸ್ವರ ಎಲ್ಲ ಒಂದೇ ಅಲೆಯಾಗಿ ಕಿವಿಗೆ ಬೀಳುವುದು, ಅದರಲ್ಲಿ ಯಾವ ಯಾವ ಕಂಪನ ಎಷ್ಟೆಷ್ಟು ಉಂಟು ಅಂತ ಬಿಡಿಸುವ ಲೆಕ್ಕವೇ ಫೂರಿಯೆ ಎಂಬ ಫ್ರೆಂಚ್ ಗಣಿತಜ್ಞನದ್ದು ಅಂತ ನೀನೇ ವಿವರಿಸಿದ್ದೆ. 1822ರಲ್ಲಿ ಆ ಮನುಷ್ಯ ಪುಸ್ತಕ ಬರೆದದ್ದು ಶಾಖ ಹರಿಯುವ ಬಗ್ಗೆ, ಪದವಿನಲ್ಲಿ ನೀನು ಹುಡುಕುತ್ತಿದ್ದ 4ಜಿ ನಡೆಯುವುದೂ ಆ ಲೆಕ್ಕದಲ್ಲೇ ಅಂತಲೂ ನೀನೇ ಅಂದೆ. ನನ್ನಂಥವನಿಗೂ ತಿಳಿಯಿತು. ಅದನ್ನು ಹೇಳಿದ್ದು ಕನ್ನಡದಲ್ಲಿ. ಮನೆಗೆ ಬರುವಷ್ಟು ಹೊತ್ತೂ ಸ್ಕೂಟರಿನಲ್ಲಿ ನನಗೆ ಅದೇ ಸಂತೋಷ.

ಸಪ್ಲಿಗೆ ಹಾಗೇ ಓದು. ಮೊದಲು ಕನ್ನಡದಲ್ಲಿ ನಿನಗೆ ನೀನೇ ಹೇಳಿಕೋ, ಮತ್ತೆ ಇಂಗ್ಲಿಷಿನಲ್ಲಿ ಬರೆ. ದಿನಕ್ಕೆರಡು ಲೆಕ್ಕವಾದರೂ ಮಾಡು. ಸಂಶಯ ಬಂದರೆ ಟೀಚರ ಹತ್ತಿರ ಹೋಗಿ ಕೇಳು, ಭಾಷೆ ತಪ್ಪಿದರೂ ಕೇಳು. ಬೆಳಿಗ್ಗೆ ತಿನ್ನದೆ ಕ್ಲಾಸಿಗೆ ಹೋಗಬೇಡ. ಪ್ರವೇಶ ಪರೀಕ್ಷೆ ಬರೆದು ಕೊಚ್ಚಿಯ ಸರಕಾರಿ ವಿಶ್ವವಿದ್ಯಾಲಯ ಕುಸಾಟ್‌ನಲ್ಲಿ ಸೀಟು ತೆಗೆದವಳು ನೀನು. ಖಾಸಗಿ ಕಾಲೇಜಾಗಿದ್ದರೆ ತೋಟ ಅಡವಿಡಬೇಕಿತ್ತು. ಇದನ್ನು ನಿನ್ನ ಮೇಲೆ ಹೊರಿಸಲು ಹೇಳಿದ್ದಲ್ಲ. ಆಗುವುದೇ ಇಲ್ಲ ಅಂತ ಕಂಡರೆ ಬಾ, ನಾನೇ ಸ್ಟೇಷನ್ನಿಗೆ ಬರುತ್ತೇನೆ.

ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ. ಶನಿವಾರ ಫೋನ್ ಮಾಡು. ನಾನು ಎತ್ತಿದ ಕೂಡಲೇ ಅಮ್ಮನಿಗೆ ಕೊಡಿ ಅನ್ನಬೇಡ, ಸ್ವಲ್ಪ ಹೊತ್ತು ನನ್ನ ಹತ್ತಿರ ಮಾತಾಡು.

ಇತಿ,
ಅಪ್ಪ